ಮಡ್ ಟೈರು ನಮಗೆ ಬೇಕೇ?



ಕಳೆದ ತಿಂಗಳ ಆಡಳಿತ ಮಂಡಲಿ ಸಭೆಯಲ್ಲಿ ಮೈಲುತುತ್ತ, ಸುಣ್ಣ, ಗೊಬ್ಬರಗಳ ದಾಸ್ತಾನಿನ ವಿಷಯ ಮುಗಿದ ಮೇಲೆ ಕೆಲವು ಸದಸ್ಯರು ಸಹಿ ಮಾಡಿದ ಮನವಿಯೊಂದು ಚರ್ಚೆಗೆ ಬಂತು. ಸದಸ್ಯರ ಜೀಪು ಮತ್ತು ಪಿಕಪ್ಪುಗಳಿಗೆ ಬೇಕಾಗುವ ಟೈರುಗಳನ್ನು ಸಂಘವೇ ಒಟ್ಟಾಗಿ ಖರೀದಿಸಿ ರಿಯಾಯಿತಿ ದರದಲ್ಲಿ ಕೊಡಬೇಕು, ಅದರಲ್ಲೂ ದೊಡ್ಡ ಗ್ರಿಪ್ಪಿನ ಮಡ್ ಟೈರುಗಳನ್ನೇ ತರಿಸಬೇಕು ಎಂಬುದು ಮನವಿಯ ಸಾರಾಂಶ. ಮೊದಲ ಭಾಗಕ್ಕೆ ನನ್ನ ಸಂಪೂರ್ಣ ಸಮ್ಮತಿ ಇದೆ. ಎರಡನೆಯದಕ್ಕೆ ನಾನು ಸಭೆಯಲ್ಲಿಯೇ ಅಸಮ್ಮತಿ ಸೂಚಿಸಿದೆ. ಆಗ ಹಿರಿಯ ಸದಸ್ಯರೊಬ್ಬರು, "ಕಾರ್ಯದರ್ಶಿಗಳಿಗೆ ಕಚೇರಿಯ ಕುರ್ಚಿ ಇದೆ ಮಾರಾಯ್ರೆ, ಕೆಸರಿನ ಕಷ್ಟ ಅವರಿಗೇನು ಗೊತ್ತು" ಎಂದು ನಗುತ್ತ ಹೇಳಿದರು. ಮಾತು ತಮಾಷೆಯದೇ ಆದರೂ ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ. ವಿಷಯ ಬರುವ ಮಹಾಸಭೆಯ ಮುಂದೆ ಬರಲಿರುವುದರಿಂದ ನನ್ನ ಅಭಿಪ್ರಾಯವನ್ನು ಕಾರಣಸಹಿತವಾಗಿ ಇಲ್ಲಿ ತಮ್ಮೆದುರು ಇಡುತ್ತಿದ್ದೇನೆ.

ನನ್ನ ಮನೆಗೂ ಡಾಂಬರು ರಸ್ತೆಯಿಂದ ಒಂದೂಕಾಲು ಕಿಲೋಮೀಟರು ಮಣ್ಣಿನ ದಾರಿಯೇ ಇದೆ. ಅದರಲ್ಲಿ ಒಂದು ಮೋರಿ, ಒಂದು ಏರು, ಏರಿನ ತಲೆಯಲ್ಲಿ ಒಂದು ತಿರುವು. ಜೂನ್ ತಿಂಗಳಲ್ಲಿ ಆ ಏರು ಹೇಗಿರುತ್ತದೆ ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾನು ಮಡ್ ಟೈರುಗಳನ್ನು ಹಾಕಿಸಿ ಎರಡು ವರ್ಷ ಓಡಿಸಿದವನು. ಬಳಸದೆ ಬೈಯುತ್ತಿಲ್ಲ, ಬಳಸಿಯೇ ಬಿಟ್ಟೆ.

ನಾನು ಕಲಿತ ಪಾಠ

2015ರ ಮುಂಗಾರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಬರುತ್ತಿದ್ದ ನನ್ನ ಜೀಪು ಆ ಏರಿನಲ್ಲಿ ಅಚ್ಚಿನವರೆಗೆ ಹೂತುಹೋಯಿತು. ನೆರೆಮನೆಯವರ ಟ್ರ್ಯಾಕ್ಟರು ಬಂದು ಎಳೆಯಬೇಕಾಯಿತು. ಎಳೆದವರು ಹಗ್ಗ ಬಿಚ್ಚುವಾಗ ಆಡಿದ ಒಂದು ಕುಚೋದ್ಯದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮರುವಾರವೇ ಪೇಟೆಗೆ ಹೋಗಿ ನಾಲ್ಕು ಮಡ್ ಟೈರು ಹಾಕಿಸಿದೆ. ಅಂಗಡಿಯವರು, "ಇದನ್ನು ಹಾಕಿದರೆ ಮರವನ್ನೂ ಹತ್ತುತ್ತದೆ ಸ್ವಾಮಿ" ಎಂದರು. ಸತ್ಯ ಹೇಳಬೇಕೆಂದರೆ, ತೋಟದೊಳಗೆ ಅವು ಹೊಗಳಿದಂತೆಯೇ ನಡೆದವು. ಎರಡು ಮಳೆಗಾಲದಲ್ಲಿ ಒಮ್ಮೆಯೂ ಜೀಪು ಹೂಳಲಿಲ್ಲ. ಡಾಂಬರಿನ ಮೇಲೆ ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು, ಡೀಸೆಲ್ ಹೆಚ್ಚು ಕುಡಿಯುತ್ತಿದ್ದವು. ಅದನ್ನೆಲ್ಲ ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

2017ರ ಜುಲೈ ತಿಂಗಳ ಒಂದು ಸಂಜೆ. ಅಡಿಕೆಗೆ ಎರಡನೆಯ ಮದ್ದು ಹೊಡೆಯುವ ಕಾಲ. ಪೇಟೆಯಿಂದ ಮೈಲುತುತ್ತ, ಸುಣ್ಣ ಹೇರಿಕೊಂಡು, ನಮ್ಮ ಕೊನೆಗಾರನನ್ನೂ ಇನ್ನಿಬ್ಬರು ಕೆಲಸದವರನ್ನೂ ಕೂರಿಸಿಕೊಂಡು ಹಿಂತಿರುಗುತ್ತಿದ್ದೆ. ಭಾರಿ ಮಳೆಯೇನೂ ಇರಲಿಲ್ಲ, ಸಣ್ಣ ಜಿಟಿಜಿಟಿ. ವೇಗ ನಲವತ್ತರ ಆಸುಪಾಸು. ಇಳಿಜಾರಿನ ತಿರುವಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕು ತುಳಿದೆ. ಗಾಲಿಗಳು ನಿಂತವು, ಜೀಪು ನಿಲ್ಲಲಿಲ್ಲ. ಸ್ಟೀರಿಂಗು ತಿರುಗಿಸಿದರೂ ಅದು ನೇರವಾಗಿ ಜಾರಿಕೊಂಡು ಹೋಗಿ ಚರಂಡಿ ದಾಟಿ ಧರೆಗೆ ಬಡಿಯಿತು. ದನ ತನ್ನ ಪಾಡಿಗೆ ತಾನು ಹೋಯಿತು. ಕೊನೆಗಾರನ ಬಲ ಮಣಿಕಟ್ಟು ಮುರಿಯಿತು.

ಕೊನೆಗಾರನಿಗೆ ಮಣಿಕಟ್ಟು ಎಂದರೆ ಏನು ಎಂಬುದು ಅಡಿಕೆ ಬೆಳೆಗಾರರಿಗೆ ಗೊತ್ತು. ಆ ವರ್ಷ ಅವನು ಮತ್ತೆ ಮರ ಹತ್ತಲಿಲ್ಲ. ಆ ತುರ್ತಿನಲ್ಲಿ ಬೇರೆ ಕೊನೆಗಾರ ಸಿಗಲಿಲ್ಲ. ಎರಡನೆಯ ಮದ್ದು ತಡವಾಯಿತು, ಕೊಳೆ ಹಿಡಿಯಿತು, ಕಾಯಿ ಉದುರಿತು. ನನಗಾದದ್ದು ಒಂದು ವರ್ಷದ ಬೆಳೆಯ ನಷ್ಟ. ಅವನಿಗಾದದ್ದು ಹೊಟ್ಟೆಯ ಪಾಡಿನ ನಷ್ಟ. ಆಸ್ಪತ್ರೆಯ ಖರ್ಚು, ಆ ಕಾಲದ ಕೂಲಿ ಕೊಟ್ಟೆ. ಕೊಟ್ಟೆನೆಂದು ಹೇಳಿಕೊಳ್ಳುವ ಮುಖ ನನಗಿಲ್ಲ. ಈಗಲೂ ಥಂಡಿ ಹೆಚ್ಚಾದ ದಿನ ಅವನು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದನ್ನು ನೋಡುತ್ತೇನೆ.

ಟೈರೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆ ತಿರುವಿಗೆ ನಲವತ್ತು ಹೆಚ್ಚೇ; ಅದು ನನ್ನ ತಪ್ಪು. ಆದರೆ ಜೀಪನ್ನು ನೋಡಲು ಬಂದ ಮೇಸ್ತ್ರಿ ಟೈರುಗಳನ್ನು ತಟ್ಟಿ ನೋಡಿ, "ಗ್ರಿಪ್ಪು ಹೊಸತರಂತೆ ಇದೆಯಲ್ಲ, ಆದರೂ ಹೇಗೆ ಜಾರಿತು?" ಎಂದು ಕೇಳಿದ. ಆ ಪ್ರಶ್ನೆಯೇ ನನ್ನನ್ನು ಯೋಚನೆಗೆ ಹಚ್ಚಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ದೊಡ್ಡ ಗ್ರಿಪ್ಪು ಏಕೆ ಜಾರುತ್ತದೆ?

ಗ್ರಿಪ್ಪು ದೊಡ್ಡದಾದಷ್ಟೂ ಹಿಡಿತ ಹೆಚ್ಚು ಎಂಬುದು ನಮ್ಮೆಲ್ಲರ ನಂಬಿಕೆ. ಕೆಸರಿನಲ್ಲಿ ಅದು ನಿಜ. ಮಡ್ ಟೈರಿನ ದಪ್ಪ ಬಟನ್ನುಗಳು ಮೆತ್ತಗಿನ ಮಣ್ಣಿಗೆ ಇಳಿದು ಗುದ್ದಲಿಯಂತೆ ಕಚ್ಚುತ್ತವೆ. ನಡುವಿನ ಅಗಲವಾದ ಸಂದುಗಳು ಗಾಲಿ ತಿರುಗುವಾಗ ಕೆಸರನ್ನು ಹೊರಗೆ ಎಸೆಯುತ್ತವೆ. ಆದರೆ ಡಾಂಬರಿಗೆ ಯಾವ ಬಟನ್ನೂ ಇಳಿಯುವುದಿಲ್ಲ. ಅಲ್ಲಿ ಹಿಡಿತ ಬರುವುದು ರಬ್ಬರು ರಸ್ತೆಗೆ ಎಷ್ಟು ಅಂಟಿ ಕೂರುತ್ತದೆ ಎಂಬುದರಿಂದ. ಸಂದು ಅಗಲವಾದಷ್ಟೂ ರಸ್ತೆಗೆ ತಾಗುವ ರಬ್ಬರು ಕಡಿಮೆ. ಒದ್ದೆ ಬಂಡೆಯ ಮೇಲೆ ಅಂಗಾಲು ಪೂರ್ತಿ ಊರಿ ನಿಲ್ಲುವುದಕ್ಕೂ ಹಿಮ್ಮಡಿಯ ಮೇಲೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಇದು. ಅಲ್ಲದೆ, ರಸ್ತೆ ಟೈರಿನ ಮೈಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುವುದನ್ನು ತಾವು ಗಮನಿಸಿರಬಹುದು. ಒದ್ದೆ ರಸ್ತೆಯ ಮೇಲಿನ ತೆಳುವಾದ ನೀರಿನ ಪದರವನ್ನು ಒಡೆದು ರಬ್ಬರಿನ ಅಂಚು ರಸ್ತೆಗೆ ತಾಗುವಂತೆ ಮಾಡುವುದು ಆ ಸೀಳುಗಳು. ಮಡ್ ಟೈರಿನಲ್ಲಿ ಅವು ಬಹಳ ಕಡಿಮೆ. ಕಲ್ಲುಮುಳ್ಳಿಗೆ ತಡೆಯಲೆಂದು ಅದರ ರಬ್ಬರು ಸಾಮಾನ್ಯವಾಗಿ ಗಡುಸಾಗಿಯೂ ಇರುತ್ತದೆ. ಒಟ್ಟಿನಲ್ಲಿ ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದರೆ ಮಡ್ ಟೈರಿನ ಗಾಡಿ ರಸ್ತೆ ಟೈರಿನ ಗಾಡಿಗಿಂತ ದೂರ ಹೋಗಿ ನಿಲ್ಲುತ್ತದೆ.

ಫೋರ್‌ವೀಲ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಫೋರ್‌ವೀಲ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಗಾಡಿಗಳಿಗೂ ನಾಲ್ಕು ಗಾಲಿಗೇ ಇರುತ್ತದೆ. ನಿಲ್ಲುವ ವಿಷಯದಲ್ಲಿ ಫೋರ್‌ವೀಲ್ ಜೀಪಿಗೂ ಸಾದಾ ಪಿಕಪ್ಪಿಗೂ ಆಧಾರ ಒಂದೇ, ಆ ನಾಲ್ಕು ಟೈರು.

ನಮ್ಮ ಗಾಡಿ ಓಡುವುದು ಎಲ್ಲಿ?

ಅಪಘಾತವಾದ ಮೇಲೆ ನಾನು ಲಾಗ್ ಪುಸ್ತಕ ಇಡುವ ಅಭ್ಯಾಸ ಮಾಡಿಕೊಂಡೆ. ಒಂದು ವರ್ಷ ಪೂರ್ತಿ ಬರೆದು ಕೂಡಿಸಿದಾಗ ಬಂದ ಲೆಕ್ಕ ನನಗೇ ಆಶ್ಚರ್ಯ ತಂದಿತು. ನೂರು ಕಿಲೋಮೀಟರಿನಲ್ಲಿ ತೊಂಬತ್ತಕ್ಕೂ ಹೆಚ್ಚು ಡಾಂಬರು ಅಥವಾ ಕಾಂಕ್ರೀಟಿನ ಮೇಲೆಯೇ ಹೋಗಿತ್ತು. ಉಳಿದ ಮಣ್ಣಿನ ಓಡಾಟದಲ್ಲೂ ಹೆಚ್ಚಿನದು ನವೆಂಬರಿನಿಂದ ಮಾರ್ಚಿಯವರೆಗಿನದು: ಅಡಿಕೆ ಕೊಯ್ಲು, ಕಾಫಿ ಹಣ್ಣು, ಆಮೇಲೆ ಮೆಣಸು. ಆಗ ದಾರಿ ಒಣಗಿ ಗಟ್ಟಿಯಾಗಿರುತ್ತದೆ, ಧೂಳು ಏಳುತ್ತದೆ. ಯಾವ ಟೈರಾದರೂ ನಡೆಯುತ್ತದೆ. ನಿಜವಾದ ಕೆಸರಿನಲ್ಲಿ ನನ್ನ ಗಾಡಿ ಉರುಳಿದ್ದು ನೂರಕ್ಕೆ ಎರಡು ಮೂರು ಕಿಲೋಮೀಟರು ಮಾತ್ರ. ತಾವೂ ಒಂದು ತಿಂಗಳು ಬರೆದು ನೋಡಬೇಕೆಂದು ಕೋರುತ್ತೇನೆ. ತಮ್ಮ ಲೆಕ್ಕ ನನ್ನದಕ್ಕಿಂತ ಬೇರೆ ಬಂದರೆ ತಮ್ಮ ಆಯ್ಕೆಯೂ ಬೇರೆ ಇರಲಿ.

ಇನ್ನೊಂದು ಸಂಗತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡುವುದೇ ನಮಗಿರುವ ದಾರಿ. ಮೂಡಿಗೆರೆ ಕಡೆಯವರಿಗೆ ಚಾರ್ಮಾಡಿ. 2019ರ ಆಗಸ್ಟಿನಲ್ಲಿ ಆ ಘಾಟಿಯಲ್ಲಿ ಧರೆ ಕುಸಿದು ರಸ್ತೆಯೇ ಬಂದಾದದ್ದನ್ನು ಯಾರೂ ಮರೆತಿಲ್ಲ. ಇಂಥ ಮಳೆಯಲ್ಲಿ, ಇಂಥ ತಿರುವಿನಲ್ಲಿ, ರೋಗಿಯನ್ನು ಹಿಂದೆ ಮಲಗಿಸಿಕೊಂಡು ಹೋಗುವಾಗ ನಮಗೆ ಬೇಕಾದದ್ದು ಒದ್ದೆ ಡಾಂಬರನ್ನು ಹಿಡಿದು ನಿಲ್ಲುವ ಟೈರು.

ನನ್ನ ವಾದ ಇಷ್ಟೇ. ಕೆಸರಿನಲ್ಲಿ ಹೂತರೆ ಒಂದು ಗಂಟೆ ಹೋಗುತ್ತದೆ, ಮರ್ಯಾದೆ ಸ್ವಲ್ಪ ಹೋಗುತ್ತದೆ, ಟ್ರ್ಯಾಕ್ಟರು ಬಂದು ಎಳೆಯುತ್ತದೆ. ಡಾಂಬರಿನಲ್ಲಿ ಜಾರಿದರೆ ಹೋಗುವುದನ್ನು ಯಾವ ಟ್ರ್ಯಾಕ್ಟರೂ ಎಳೆದು ತರಲಾರದು. ಆದ್ದರಿಂದ ಟೈರನ್ನು ಡಾಂಬರಿಗಾಗಿ ಆರಿಸಬೇಕು. ಕೆಸರಿಗೆ ಬೇರೆ ಉಪಾಯ ಮಾಡಬೇಕು.

ಯಾವುದನ್ನು ಆರಿಸಬೇಕು?

ಜೀಪು, ಪಿಕಪ್ಪುಗಳ ಟೈರು ಸ್ಥೂಲವಾಗಿ ಮೂರು ಬಗೆ. ಎಚ್.ಟಿ. ಎಂದರೆ ಹೈವೇ ಟೆರೇನ್, ರಸ್ತೆಯದು. ಎಂ.ಟಿ. ಎಂದರೆ ಮಡ್ ಟೆರೇನ್, ಕೆಸರಿನದು. ಇವೆರಡರ ನಡುವೆ ಎ.ಟಿ., ಅಂದರೆ ಆಲ್ ಟೆರೇನ್. ಡಾಂಬರು ರಸ್ತೆಯಿಂದ ಅರ್ಧ, ಒಂದು ಕಿಲೋಮೀಟರಿನೊಳಗೆ ಮನೆ ಇದ್ದು, ದಾರಿಗೆ ಜಲ್ಲಿಯೋ ಕಾಂಕ್ರೀಟೋ ಬಿದ್ದಿದ್ದರೆ ಒಳ್ಳೆಯ ಎಚ್.ಟಿ. ಟೈರೇ ಸಾಕು. ಅದು ಮೌನವಾಗಿ ಓಡುತ್ತದೆ, ನಿಧಾನ ಸವೆಯುತ್ತದೆ, ಮಳೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಮಣ್ಣಿನ ದಾರಿ ಉದ್ದವಾಗಿದ್ದು ಏರು ತಗ್ಗುಗಳಿದ್ದರೆ ಎ.ಟಿ. ಯೋಗ್ಯ. ಅದರ ಪ್ರಯೋಜನ ಗ್ರಿಪ್ಪಿನಲ್ಲಿ ಮಾತ್ರವಲ್ಲ, ಪಕ್ಕೆಯ ಗಟ್ಟಿತನದಲ್ಲೂ ಇದೆ. ನಮ್ಮ ತೋಟದ ದಾರಿಗಳಲ್ಲಿ ಟೈರು ಸಾಯುವುದು ಹೆಚ್ಚಾಗಿ ಕೆಸರಿನಿಂದಲ್ಲ. ಕಿತ್ತು ಬಿಟ್ಟ ಕಾಫಿ ಗಿಡದ ಬೊಡ್ಡೆ, ಕಡಿದ ಸಿಲ್ವರ್ ಓಕಿನ ಕೂಳೆ, ಚೂಪಾದ ಜಂಬಿಟ್ಟಿಗೆ ಕಲ್ಲು ಪಕ್ಕೆಯನ್ನು ಸೀಳುವುದರಿಂದ. ನೆತ್ತಿಗೆ ಮೊಳೆ ಹೊಕ್ಕರೆ ಪಂಕ್ಚರ್ ಹಾಕಬಹುದು, ಪಕ್ಕೆ ಸೀಳಿದ ಟೈರನ್ನು ಎಸೆಯುವುದೇ ದಾರಿ. ಆದರೆ ಎ.ಟಿ. ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಕೆಲವು ಎ.ಟಿ.ಗಳು ನೋಟಕ್ಕೆ ಎಂ.ಟಿ.ಯ ತಮ್ಮನಂತಿರುತ್ತವೆ. ಕೊಳ್ಳುವಾಗ ಟೈರಿನ ನಡುಭಾಗವನ್ನು ನೋಡಿ: ಬಟನ್ನುಗಳು ಒತ್ತಾಗಿ ಕೂತಿರಬೇಕು, ಅವುಗಳ ಮೇಲೆ ಸಣ್ಣ ಸೀಳುಗಳು ಧಾರಾಳವಾಗಿರಬೇಕು. ಪಕ್ಕೆಯ ಮೇಲಿನ ಎಂ ಪ್ಲಸ್ ಎಸ್ ಎಂಬ ಗುರುತನ್ನು ಕಂಡು ಮರುಳಾಗಬೇಡಿ. ಅದು ಗ್ರಿಪ್ಪಿನ ವಿನ್ಯಾಸವನ್ನು ಹೇಳುತ್ತದೆಯೇ ಹೊರತು ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಕ್ಕೆ ಸಾಕ್ಷಿಯಲ್ಲ.

ಎಂ.ಟಿ. ಯಾರಿಗೂ ಬೇಡವೇ? ವರ್ಷವಿಡೀ ತೋಟದ ಗೇಟು ದಾಟದ ಹಳೆಯ ಜೀಪೊಂದನ್ನು ಗೊಬ್ಬರ, ಕಟ್ಟಿಗೆ ಸಾಗಿಸಲೆಂದೇ ಇಟ್ಟುಕೊಂಡವರಿಗೆ ಬೇಕು. ಅಂಥವರು ನಮ್ಮಲ್ಲಿ ಎಷ್ಟು ಮಂದಿ? ಎರಡು ಮೂರು ಎಕರೆಯ ಬೆಳೆಗಾರನಿಗೆ ಒಂದೇ ಗಾಡಿ. ಬೆಳಿಗ್ಗೆ ಮಕ್ಕಳ ಶಾಲೆ, ಮಧ್ಯಾಹ್ನ ಗೊಬ್ಬರ, ಸಂಜೆ ಮದುವೆ ಮನೆ ಎಲ್ಲಕ್ಕೂ ಅದೇ.

ಅಳತೆ, ಭಾರ, ವಯಸ್ಸು

ಟೈರಿನ ಪಕ್ಕೆಯ ಮೇಲೆ ಎಲ್ಲವೂ ಬರೆದಿರುತ್ತದೆ, ಓದುವವರು ಕಡಿಮೆ. ಬೊಲೆರೊದ ಟೈರಿನ ಮೇಲೆ 215/75 ಆರ್ 15 ಎಂದಿದ್ದರೆ, ಅಗಲ 215 ಮಿಲಿಮೀಟರು. ಪಕ್ಕೆಯ ಎತ್ತರ ಅಗಲದ ನೂರಕ್ಕೆ 75. ಆರ್ ಎಂದರೆ ರೇಡಿಯಲ್. ರಿಮ್ಮಿನ ವ್ಯಾಸ 15 ಅಂಗುಲ. ಮುಂದಿನ ಅಂಕಿ ಭಾರದ್ದು. ಅಲ್ಲಿ 100 ಎಂದಿದ್ದರೆ ಆ ಒಂದು ಟೈರು 800 ಕಿಲೋ ಹೊರಬಲ್ಲದು, 91 ಎಂದಿದ್ದರೆ 615 ಕಿಲೋ ಮಾತ್ರ. ಅಳತೆ ಒಂದೇ ಇದ್ದರೂ ಕಾರಿನ ಟೈರಿಗೂ ಸರಕಿನ ಗಾಡಿಯ ಟೈರಿಗೂ ಹೊರುವ ಶಕ್ತಿಯಲ್ಲಿ ವ್ಯತ್ಯಾಸವಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಪಿಕಪ್ಪಿಗೆ ಕಾರಿನ ಟೈರು ಹಾಕಿಸಿ ಐವತ್ತು ಕಿಲೋದ ಚೀಲಗಳನ್ನು ಹೇರುವವರು ಇದನ್ನು ಗಮನಿಸಬೇಕು. ಐ.ಎಸ್.ಐ. ಮುದ್ರೆ ಇಲ್ಲದ ಟೈರನ್ನಂತೂ ಮುಟ್ಟಲೇಬೇಡಿ.

ಗಾಡಿ ತಯಾರಿಸಿದವರು ಹೇಳಿದ ಅಳತೆಗಿಂತ ದೊಡ್ಡದನ್ನು ಹಾಕಿಸುವ ಚಾಳಿ ಯುವಕರಲ್ಲಿ ಹೆಚ್ಚಾಗಿದೆ. 215/75ರ ಬದಲು 235/75 ಹಾಕಿದರೆ ಗಾಲಿಯ ವ್ಯಾಸ ಸುಮಾರು 703 ಮಿಲಿಮೀಟರಿನಿಂದ 733ಕ್ಕೆ ಏರುತ್ತದೆ, ನೂರಕ್ಕೆ ನಾಲ್ಕರಷ್ಟು ಹೆಚ್ಚು. ಮೀಟರು 60 ತೋರಿಸುವಾಗ ಗಾಡಿ 62ಕ್ಕೂ ಮಿಕ್ಕಿ ಓಡುತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಘಾಟಿ ಇಳಿಯುವಾಗ ಗೇರಿನಲ್ಲಿ ಎಂಜಿನ್ನು ಹಿಡಿದು ನಿಲ್ಲಿಸುವ ಶಕ್ತಿ ಅಷ್ಟರ ಮಟ್ಟಿಗೆ ಕಡಿಮೆಯಾಗಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಅಗಲವಾದ ಟೈರು ಕೆಸರಿಗೆ ಒಳ್ಳೆಯದು ಎಂಬುದೂ ಎಲ್ಲ ಕಡೆ ನಿಜವಲ್ಲ. ನಮ್ಮ ತಂದೆಯವರ ಕಾಲದ ಜೀಪಿಗೆ 6.00-16ರ ಕಿರಿದಾದ ಟೈರು ಇತ್ತು. ಮೇಲಿನ ನಾಲ್ಕು ಬೆರಳು ರಾಡಿಯನ್ನು ಅದು ಕತ್ತಿಯಂತೆ ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತಿತ್ತು. ಇಂದಿಗೂ ಮಾರುತಿ ಜಿಮ್ನಿಗೆ ಕಂಪೆನಿಯವರು ಕೊಡುವುದು 195/80 ಆರ್ 15, ಅಗಲದ ಟೈರೇನಲ್ಲ.

ಇನ್ನು ವಯಸ್ಸು. ಸಣ್ಣ ಬೆಳೆಗಾರರು ಹೆಚ್ಚು ಮೋಸಹೋಗುವುದು ಇಲ್ಲಿ. ಟೈರಿನ ಪಕ್ಕೆಯ ಮೇಲೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2524 ಎಂದಿದ್ದರೆ 2024ನೆಯ ಇಸವಿಯ 25ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಒಂದು ಕಡೆ ಕಾಣದಿದ್ದರೆ ಇನ್ನೊಂದು ಪಕ್ಕೆಯನ್ನು ನೋಡಬೇಕು. ಅಂಗಡಿಯಲ್ಲಿ ಹೊಸದೆಂದು ಕೊಡುವ ಟೈರಿಗೆ ಎರಡು ಮೂರು ವರ್ಷ ತುಂಬಿರಬಹುದು. ನಮ್ಮ ಜೀಪುಗಳು ವರ್ಷಕ್ಕೆ ಓಡುವುದೇ ಕಡಿಮೆ. ಕೊಟ್ಟಿಗೆಯಲ್ಲಿ ನಿಂತೇ ಟೈರು ಮುದಿಯಾಗುತ್ತದೆ. ಗ್ರಿಪ್ಪು ಆಳವಾಗಿಯೇ ಕಾಣುತ್ತದೆ, ಆದರೆ ರಬ್ಬರು ಗಡುಸಾಗಿ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದರೆ ನೋಟಕ್ಕೆ ಹೇಗಿದ್ದರೂ ತೆಗೆಯಬೇಕು ಎಂಬುದು ಹಲವು ಟೈರು ತಯಾರಕರ ಸಲಹೆ. ಸ್ಟೆಪ್ನಿಗೂ ಇದು ಅನ್ವಯಿಸುತ್ತದೆ.

ಸವೆತದ ವಿಷಯದಲ್ಲಿ ಕಾನೂನು ಕಾರು ಜೀಪುಗಳಿಗೆ ಕನಿಷ್ಠ 1.6 ಮಿಲಿಮೀಟರು, ದ್ವಿಚಕ್ರ ವಾಹನಕ್ಕೆ 0.8 ಮಿಲಿಮೀಟರು ಗ್ರಿಪ್ಪಿನ ಆಳ ಇರಬೇಕೆನ್ನುತ್ತದೆ. ಗ್ರಿಪ್ಪಿನ ಸಂದಿನಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ; ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ಆದರೆ ಕಾನೂನಿನ ಕನಿಷ್ಠ ನಮ್ಮ ಮಳೆಗೆ ಸಾಲದು. ಮೇ ತಿಂಗಳಲ್ಲಿ ಅಳೆದಾಗ 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ಟೈರಿನಲ್ಲಿ ಮುಂಗಾರಿಗೆ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ. ಬೈಕು ಇರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು, ಅವರಿಗಿರುವುದು ಎರಡೇ ಗಾಲಿ.

ನಾಲ್ಕನ್ನೂ ಒಟ್ಟಿಗೆ ಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಎರಡನ್ನೇ ಕೊಂಡರೆ ಹೊಸದನ್ನು ಹಿಂದಿನ ಗಾಲಿಗೆ ಹಾಕಬೇಕು. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿತಕ್ಕೆ ಬರಬಹುದು. ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ. ಒಂದೇ ಅಚ್ಚಿನ ಎರಡು ಗಾಲಿಗೆ ಎರಡು ಬಗೆ ಹಾಕಬಾರದು. ರೇಡಿಯಲ್ಲಿನ ಜೊತೆ ಹಳೆಯ ನೈಲಾನ್ ಟೈರನ್ನಂತೂ ಜೋಡಿಸಲೇಬಾರದು. ಫೋರ್‌ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆ, ಒಂದೇ ಸವೆತದವು ಇರಬೇಕು, ಇಲ್ಲದಿದ್ದರೆ ಗೇರಿನ ಪೆಟ್ಟಿಗೆಗೇ ಏಟು.

ಕೆಸರಿಗೆ ಏನು ಉಪಾಯ?

ಕೆಸರು ಇದ್ದೇ ಇದೆ, ಅದಕ್ಕೇನು ಮಾಡಬೇಕು ಎಂದು ತಾವು ಕೇಳಬಹುದು. ಮೊದಲನೆಯದು ದಾರಿಯ ದುರಸ್ತಿ. ಕಾಫಿ ತೋಟಕ್ಕೆ ಬಸಿಗಾಲುವೆ ತೆಗೆಯುವ ನಾವು ದಾರಿಯ ನೀರಿಗೆ ದಾರಿ ಮಾಡಿಕೊಡುವುದನ್ನು ಮರೆಯುತ್ತೇವೆ. ಮಡ್ ಟೈರಿಗೂ ಸಾದಾ ಟೈರಿಗೂ ಇರುವ ಬೆಲೆಯ ಅಂತರದಲ್ಲಿ ಏಪ್ರಿಲಿನಲ್ಲಿ ನಾಲ್ಕಾಳು ಹಚ್ಚಿ ಏರಿನ ಮೇಲಿನ ನೀರನ್ನು ಅಡ್ಡ ಚರಂಡಿಯಲ್ಲಿ ಹೊರಗೆ ತಿರುಗಿಸಿ, ಗಾಲಿ ಹೋಗುವ ಎರಡು ಪಟ್ಟಿಗೆ ಮಾತ್ರ ಜಲ್ಲಿ ಹಾಕಿಸಬಹುದು. ನನ್ನ ಏರಿಗೆ 2018ರ ಬೇಸಿಗೆಯಲ್ಲಿ ಇಷ್ಟೇ ಮಾಡಿಸಿದೆ. ಅಂದಿನಿಂದ ಅಲ್ಲಿ ಗಾಡಿ ಹೂತಿಲ್ಲ. ಕಾಂಕ್ರೀಟು ಹಾಕಿಸಿಕೊಂಡವರು ಮಳೆಗಾಲದಲ್ಲಿ ಪಾಚಿ ಕೆರೆಯಿಸಬೇಕು. ಪಾಚಿಯ ಮೇಲೆ ಯಾವ ಗ್ರಿಪ್ಪೂ ನಿಲ್ಲದು.

ಎರಡನೆಯದು ಗಾಳಿ. ಈಗಿನ ಹುಡುಗರು ಪಾಯಿಂಟು ಎನ್ನುವುದನ್ನು ನಾವು ಪೌಂಡು ಎನ್ನುತ್ತೇವೆ. ಖಾಲಿ ಗಾಡಿ ಕೆಸರಿನಲ್ಲಿ ಸಿಕ್ಕಾಗ ಗಾಳಿಯನ್ನು ಕಾಲು ಭಾಗದಷ್ಟು ಇಳಿಸಿದರೆ ಟೈರು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ, ಎಷ್ಟೋ ಸಲ ಹಾಗೆಯೇ ಹೊರಬರುತ್ತದೆ. ಆದರೆ ಭಾರ ಹೇರಿದ ಗಾಡಿಯಲ್ಲಿ ಇದನ್ನು ಮಾಡಬಾರದು, ಮತ್ತು ಡಾಂಬರು ಮುಟ್ಟುವ ಮುಂಚೆ ಗಾಳಿ ತುಂಬಿಸಿಕೊಳ್ಳಲೇಬೇಕು. ಗಾಳಿ ಕಡಿಮೆ ಇರುವ ಟೈರು ರಸ್ತೆಯ ಮೇಲೆ ಕಾದು ಒಡೆಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚುವ ಅಪಾಯವೂ ಉಂಟು. ಸಣ್ಣ ಪಂಪು ಮತ್ತು ಗಾಳಿಯ ಮೀಟರು ಗಾಡಿಯಲ್ಲಿರಲಿ. ಗಾಳಿ ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ.

ಮೂರನೆಯದು ಚೈನು. ಇದು ನಮ್ಮವರಿಗೆ ಹೊಸದಲ್ಲ. ಒಂದು ಜೊತೆ ಚೈನು ಸೀಟಿನ ಕೆಳಗಿರಲಿ, ಏರಿನ ಬುಡದಲ್ಲಿ ಕಟ್ಟಿ ಗೇಟಿನ ಬಳಿ ಬಿಚ್ಚಿ. ಬಿಚ್ಚುವ ಸೋಮಾರಿತನಕ್ಕೆ ಚೈನು ಸಮೇತ ಡಾಂಬರಿಗೆ ಹೋದರೆ ರಸ್ತೆಯೂ ಹಾಳು, ಟೈರೂ ಹಾಳು.

ನನ್ನ ಸೂಚನೆ

ಬರುವ ಮಹಾಸಭೆಯ ಮುಂದೆ ನಾನು ಈ ಕೆಳಗಿನ ಸೂಚನೆಗಳನ್ನು ಇಡಲಿದ್ದೇನೆ.

1. ಸಂಘವು ಸದಸ್ಯರ ಬೇಡಿಕೆಯನ್ನು ಅಳತೆವಾರು ಪಟ್ಟಿ ಮಾಡಿ ಎಚ್.ಟಿ. ಮತ್ತು ಎ.ಟಿ. ಟೈರುಗಳನ್ನು ಒಟ್ಟಾಗಿ ಖರೀದಿಸಬೇಕು. ತಯಾರಾದ ವಾರವನ್ನು ನೋಡಿಯೇ ಮಾಲು ಇಳಿಸಿಕೊಳ್ಳಬೇಕು. ಎಂ.ಟಿ. ಬೇಕೆನ್ನುವವರು ಸ್ವಂತ ಖರ್ಚಿನಲ್ಲಿ ಕೊಳ್ಳಲು ಸ್ವತಂತ್ರರು, ಸಂಘದ ರಿಯಾಯಿತಿ ಅದಕ್ಕೆ ಬೇಡ.

2. ಗೋದಾಮಿನಲ್ಲಿ ಗಾಳಿ ತುಂಬುವ ಯಂತ್ರ, ಸರಿಯಾದ ಮೀಟರು ಮತ್ತು ಗ್ರಿಪ್ಪಿನ ಆಳ ಅಳೆಯುವ ಕಡ್ಡಿ ಇಡಬೇಕು. ಮದ್ದು, ಗೊಬ್ಬರಕ್ಕೆ ಬಂದವರು ಐದು ನಿಮಿಷದಲ್ಲಿ ನೋಡಿಸಿಕೊಂಡು ಹೋಗಬಹುದು.

3. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಸದಸ್ಯರ ಎಲ್ಲ ಗಾಡಿಗಳ ಟೈರು ತಪಾಸಣೆ ನಡೆಯಬೇಕು, ಬೈಕುಗಳೂ ಸೇರಿ.

ಕೊನೆಯದಾಗಿ ಒಂದು ಮಾತು. ಇದು ಸೂಚನೆಯಲ್ಲ, ವಿನಂತಿ. ಸರಕಿನ ಪಿಕಪ್ಪಿನ ಹಿಂದೆ ಆಳುಗಳನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ ಎಂಬುದು ನಮಗೆಲ್ಲ ಗೊತ್ತು, ಆದರೂ ಕೊಯ್ಲಿನ ಕಾಲದಲ್ಲಿ ನಡೆಯುತ್ತಲೇ ಇದೆ. ಅದನ್ನು ನಿಲ್ಲಿಸಬೇಕು. ಗಿಡಕ್ಕೆ ಮದ್ದು ತಪ್ಪಿದರೆ ರೋಗ ಬರುತ್ತದೆಂದು ಸಾಲ ಮಾಡಿಯಾದರೂ ಮೈಲುತುತ್ತ ತರುತ್ತೇವೆ. ನಮ್ಮನ್ನೂ ನಮ್ಮನ್ನು ನಂಬಿ ಗಾಡಿ ಹತ್ತಿದವರನ್ನೂ ಮನೆ ಮುಟ್ಟಿಸುವ ಟೈರಿನ ವಿಷಯದಲ್ಲಿ ಮಾತ್ರ, ಇನ್ನೊಂದು ಮಳೆಗಾಲ ಓಡಲಿ ಎನ್ನುತ್ತೇವೆ. ನಾನೂ ಹಾಗೆ ಲೆಕ್ಕ ತಪ್ಪಿದವನೇ. ಆ ತಪ್ಪಿನ ಬೆಲೆಯನ್ನು ಮರ ಹತ್ತುವ ಒಂದು ಕೈ ತೆತ್ತಿತು.

ಮಹಾಸಭೆಗೆ ಬರುವಾಗ ದಯವಿಟ್ಟು ತಮ್ಮ ಗಾಡಿಯ ನಾಲ್ಕು ಟೈರಿನ ಅಳತೆಯನ್ನೂ, ಆ ನಾಲ್ಕು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಭಿನ್ನಾಭಿಪ್ರಾಯ ಇರುವವರ ಮಾತಿಗೂ ಈ ಪತ್ರಿಕೆಯಲ್ಲಿ ಸ್ಥಳವಿದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ